ಇಬ್ಬರೇ ಕೂಡುವ ಕಾರಿಗೆ ಅಗಲ ಟೈರು

ಅಮೋಘಾ, ಹೋದ ಸೂಟಿಯಲ್ಲಿ ನೀನು ನಮ್ಮ ಹಿತ್ತಲಲ್ಲಿ ನಿಂತು ಒಂದು ಮಾತು ಕೇಳಿದ್ದೆ. "ಆಯೀ, ಇಷ್ಟು ಛಲೋ ಟೈರಿನ್ಯಾಗ ಕೋಳಿ ಯಾಕ ಕಾವಿಗೆ ಕುಂಡರಸೀದಿ? ಇದರ ಹಲ್ಲು ಸೈತ ಸವದಿಲ್ಲಲ್ಲ!" ನಾನು "ಆಮ್ಯಾಲ ಹೇಳ್ತೀನಿ ತಗೊ" ಎಂದು ಒಳಗೆ ಹೋಗಿಬಿಟ್ಟೆ. ನಿನ್ನ ತಂಗಿ ಭಾಗ್ಯಾ ಬೆನ್ನ ಹಿಂದೆಯೇ "ಆಯಿಗೆ ಗೊತ್ತಿಲ್ಲ ಬಿಡೋ" ಎಂದಳು.

ಗೊತ್ತಿಲ್ಲ ಅಂತಲ್ಲವ್ವಾ. ನನಗೆ ಎದುರಿಗೆ ಕೂತು ಹೇಳಲು ಬರುವುದಿಲ್ಲ. ನಾಲ್ಕು ಕಣ್ಣು ನನ್ನ ಕಡೆ ತಿರುಗಿದರೆ ಸಾಕು, ಬಾಯಿಗೆ ಬಂದ ಮಾತು ತುತ್ತಿನಂತೆ ಕೆಳಗಿಳಿದುಬಿಡುತ್ತದೆ. ಅವು ಮೊಮ್ಮಕ್ಕಳ ಕಣ್ಣಾದರೂ ಅಷ್ಟೇ. ಬರೆಯುವಾಗ ಆ ಕಾಟವಿಲ್ಲ. ಹಾಳೆ ನನ್ನನ್ನು ದಿಟ್ಟಿಸಿ ನೋಡುವುದಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ. ಅಕ್ಷರ ದಪ್ಪ ಇವೆ, ಸಾಲು ಇಳಿಜಾರು ಇವೆ, ಸಾವಕಾಶ ಓದಿರಿ.

ಆ ಟೈರು ನಿಮ್ಮ ಮುತ್ಯಾ ಕಾರಿಗೆಂದು ತರಿಸಿದ್ದು. ಮುತ್ಯಾನ ಹೆಸರು ಬರೆಯಲು ನನಗೆ ಈಗಲೂ ಕೈ ಏಳುವುದಿಲ್ಲ. ಬಾಯಿಂದ ಎಂದೂ ಹೇಳದ ಹೆಸರನ್ನು ಕೈಯಿಂದ ಬರೆದರೆ ಹೇಳಿದಂತೆಯೇ ಆಗುತ್ತದೆ. ನಿಮ್ಮವ್ವನ ಶಾಲೆಯ ಕಾಗದದಲ್ಲಿದೆ, ನೋಡಿಕೊಳ್ಳಿರಿ. ಜಮಖಂಡಿಯಲ್ಲಿ ಅವರನ್ನು ಎಲ್ಲರೂ 'ಟೈರ್ ಮಾಮಾ' ಎನ್ನುತ್ತಿದ್ದರು. ಕಬ್ಬು ಹೊರುವ ಟ್ರೇಲರುಗಳ ರಿಪೇರಿ ಅವರ ಕಸಬು. ಅವರ ಶೆಡ್ಡಿಗೆ ಹತ್ತಿಯೇ ರಾಜೇಸಾಬನ ಟೈರಿನ ಅಂಗಡಿ. ಇಬ್ಬರಿಗೂ ಒಂದೇ ಚಹಾ, ಒಂದೇ ಜಾಕು, ಒಂದೇ ಜಗಳ.

ಕಾರು ಬಂದ ಕಥೆ ಹೇಳುತ್ತೇನೆ. ಬೀಳಗಿ ಕಡೆ ಕಾಲುವೆಯ ಕೆಲಸಕ್ಕೆ ಬಂದ ಒಬ್ಬ ಎಂಜಿನಿಯರ್ ಸಾಹೇಬರಿದ್ದರು. ಅವರಿಗೆ ಒಂದು ಪರದೇಶದ ಸ್ಪೋರ್ಟ್ಸ್ ಕಾರು ಇತ್ತು. ಕೆಂಪು ಬಣ್ಣದ್ದು, ನೆಲಕ್ಕೆ ಹತ್ತಿದಂತೆ ಗಿಡ್ಡ, ಎರಡೇ ಬಾಗಿಲು. ಅದು ಕೆಟ್ಟಾಗಲೆಲ್ಲ ದೊಡ್ಡ ಊರಿನ ಮಿಸ್ತ್ರಿಗಳು ಕೈಚೆಲ್ಲುತ್ತಿದ್ದರು, ನಿಮ್ಮ ಮುತ್ಯಾ ಕೈ ಹಚ್ಚುತ್ತಿದ್ದರು. ಕೆಲಸ ಮುಗಿದು ಸಾಹೇಬರು ಊರಿಗೆ ಹೋಗುವ ಹೊತ್ತಿಗೆ ಆ ಕಾರು ನಾಲ್ಕು ವರ್ಷದಿಂದ ಅವರ ಬಂಗಲೆಯ ಶೆಡ್ಡಿನಲ್ಲಿ ಮಲಗಿತ್ತು. "ನನಗಿಂತ ನಿನ್ನ ಮೇಲೇ ಇದಕ್ಕೆ ಹೆಚ್ಚು ಜೀವ, ತಗೊಂಡು ಹೋಗು" ಎಂದರಂತೆ. ಪುಕ್ಕಟೆ ತೆಗೆದುಕೊಂಡರೆ ನಮ್ಮ ಮನೆದೇವರು ಬೀರಪ್ಪ ಮೆಚ್ಚುವನೇ? ಮುತ್ಯಾ ಒಂದು ಕರಿ ಕಂಬಳಿ, ಎರಡು ಟಗರು ಒಯ್ದು ಅವರ ಬಾಗಿಲಲ್ಲಿ ನಿಲ್ಲಿಸಿದರು. ಸಾಹೇಬರು ಕಂಬಳಿ ಇಟ್ಟುಕೊಂಡು ಟಗರಿಗೆ ಕೈ ಮುಗಿದರು. ಹೀಗಾಗಿ ಕಾರು ಮತ್ತು ಟಗರು ಕೂಡಿಯೇ ನಮ್ಮ ಮನೆಗೆ ಬಂದವು. ಕಾರು ಟ್ರ್ಯಾಕ್ಟರಿನ ಹಿಂದೆ ಹಗ್ಗದಲ್ಲಿ, ಟಗರು ಕಾರಿನೊಳಗೆ.

ಓಣಿಯ ಮಂದಿ ಸುತ್ತುಗಟ್ಟಿದರು. ನಮ್ಮ ಕಡೆ ಗಾಡಿಯ ದೊಡ್ಡಸ್ತಿಕೆ ಅಂದರೆ ಎಷ್ಟು ಜನ ಹಿಡಿಸುತ್ತಾರೆ ಎನ್ನುವುದು. ಚಿಮ್ಮಡಕ್ಕೆ ಹೋಗುವ ಆಟೋದಲ್ಲೇ ಹನ್ನೆರಡು ಮಂದಿ ಕೂಡುತ್ತಾರೆ. ಒಬ್ಬ ಹಿರಿಯ ಕೇಳಿಯೇ ಬಿಟ್ಟ:

"ಎಷ್ಟು ಮಂದಿ ಹಿಡೀತಾರೋ ಇದರಾಗ?"

"ಇಬ್ಬರು."

"ಹಿಂದ?"

"ಹಿಂದ ಸೀಟಿಲ್ರಿ."

"ಮ್ಯಾಲ?"

ಮುತ್ಯಾ ಕಾರಿನ ಬಾಗಿಲು ತೆಗೆದು ಟಗರು ಇಳಿಸಿದರು. ಹಿರಿಯ "ಟಗರಿಗೆ ಗಾಡಿ ಮಾಡ್ಯಾನ ನೋಡ್ರೆಪಾ" ಎನ್ನುತ್ತ ಹೋದ. ಆ ಮಾತು ವರ್ಷಗಟ್ಟಲೆ ನಮ್ಮ ಓಣಿಯಲ್ಲಿ ಓಡಾಡಿತು. ಕಾರು ಓಡಾಡಿದ್ದಕ್ಕಿಂತ ಹೆಚ್ಚು.

ಮುತ್ಯಾ ದಿನಾ ಸಂಜೆ ಕೈ ತೊಳೆದುಕೊಂಡು ಅದರ ಹತ್ತಿರ ಕೂಡುತ್ತಿದ್ದರು. ಒಂದೊಂದೇ ನಟ್ಟು ಬಿಚ್ಚಿ, ಒರೆಸಿ, ಮತ್ತೆ ಹಾಕಿ, ಒಂದೂವರೆ ವರ್ಷದಲ್ಲಿ ಅದಕ್ಕೆ ಜೀವ ಬರಿಸಿದರು. ಅದರ ಚಕ್ರಗಳು ಕಂಪನಿಯಿಂದ ಬಂದವೇ, ನಕ್ಷತ್ರದ ಹಾಗೆ ಐದು ಕಾಲಿನ ಬೆಳ್ಳನೆಯ ರಿಮ್ಮುಗಳು. ಅವುಗಳ ಮೇಲೆ ಅವರಿಗೆ ಎಷ್ಟು ಅಕ್ಕರೆ ಅಂದರೆ ನನಗೂ ಏನಾದರೂ ಮಾಡಬೇಕು ಅನ್ನಿಸಿತು. ಒಂದು ಮಧ್ಯಾಹ್ನ ಅವರಿಲ್ಲದಾಗ ಹುಣಸೆಹಣ್ಣು ಹಚ್ಚಿ, ಬೂದಿ ಹಾಕಿ, ತೆಂಗಿನ ನಾರಿನಿಂದ ಒಂದು ಚಕ್ರವನ್ನು ಚೆನ್ನಾಗಿ ತಿಕ್ಕಿದೆ. ಥಳಥಳ ಹೊಳೆಯುತ್ತದೆ ಎಂದುಕೊಂಡಿದ್ದೆ. ಅದು ಹಳೆಯ ಬೋಗುಣಿಯ ತಳದ ಹಾಗೆ ಗೀರುಗೀರಾಗಿ ಮಂಕಾಯಿತು. ಮುತ್ಯಾ ಬಂದು ನೋಡಿ ಗೀರುಗಳ ಮೇಲೆ ಹೆಬ್ಬೆರಳು ಆಡಿಸಿದರು. ಕಡೆಗೆ "ಇದು ತಂಬಿಗಿ ಅಲ್ಲಬೇ" ಎಂದರು, ಅಷ್ಟೇ. ಮುಂದೆ ಯಾರಾದರೂ "ಆ ಒಂದು ಚಕ್ರ ಯಾಕ ಹಂಗೈತಿ?" ಎಂದು ಕೇಳಿದರೆ "ಅದು ನಮ್ಮ ಮನ್ಯಾಕಿ ಸಹಿ" ಎನ್ನುತ್ತಿದ್ದರು.

ಈಗ ನಿಮ್ಮವ್ವನ ವಿಷಯಕ್ಕೆ ಬರುತ್ತೇನೆ. ಮಾಯವ್ವ ನಮಗೆ ಒಬ್ಬಳೇ ಮಗಳು. ಅವಳು ಹುಟ್ಟಿದಾಗಿನಿಂದ ಮುತ್ಯಾನಿಗೆ ಕಬ್ಬಿನ ಹಂಗಾಮು. ದೀಪಾವಳಿಗೆ ಸಕ್ಕರೆ ಕಾರ್ಖಾನೆ ಚಾಲೂ ಆದರೆ ಯುಗಾದಿಯ ತನಕ ಬಾಡಗಂಡಿಯ ದಾರಿಯ ಮೇಲೆ ಎಲ್ಲಾದರೂ ಒಂದು ಟ್ರೇಲರು ಕುಂಟುತ್ತಲೇ ಇರುತ್ತದೆ. ಮಗಳು ಏಳುವ ಮೊದಲು ಹೋಗುವರು, ಮಲಗಿದ ಮೇಲೆ ಬರುವರು. ಅವಳು ಮೂರೋ ನಾಲ್ಕೋ ವರ್ಷದವಳಿದ್ದಾಗ ಒಂದು ದಿನ ಅವರು ಹಾಡುಹಗಲಿಗೇ ಮನೆಗೆ ಬಂದರು. ಬಾಗಿಲಲ್ಲಿ ಆಡುತ್ತಿದ್ದವಳು ಒಳಗೆ ಓಡಿ ಬಂದು, "ಅವ್ವಾ, ಟೈರ್ ಮಾಮಾ ಬಂದಾರ" ಎಂದಳು. ನಾನು ನಕ್ಕೆ, ಅವರೂ ನಕ್ಕರು. ಆದರೆ ಆ ಹೊತ್ತು ಅವರು ಒಂದೇ ರೊಟ್ಟಿ ತಿಂದು ಎದ್ದರು. ಓಣಿಯ ಟಗರಿನ ಮಾತನ್ನು ಎಲ್ಲರಿಗೂ ತಾವೇ ಹೇಳಿ ನಗಿಸುತ್ತಿದ್ದ ಮನುಷ್ಯ ಈ ಮಾತನ್ನು ಮಾತ್ರ ಯಾರ ಮುಂದೂ ಹೇಳಲಿಲ್ಲ.

ಮಾಯವ್ವನಿಗೆ ಮುಧೋಳದ ಸಾಲಿ ಮಾಸ್ತರರ ಜೊತೆ, ಅಂದರೆ ನಿಮ್ಮಪ್ಪನ ಜೊತೆ, ಲಗ್ನ ಗೊತ್ತಾಯಿತು. ಜಮಖಂಡಿಯಲ್ಲಿ ಅಕ್ಕಿಕಾಳು ಹಾಕಿ ಲಗ್ನ, ಆಮೇಲೆ ಹೆಣ್ಣು ಒಪ್ಪಿಸಲು ಮುಧೋಳಕ್ಕೆ. ಬೀಗರು ಕೂತು ಮಾತಾಡುವಾಗ ಮುತ್ಯಾ ಒಮ್ಮೆಲೇ ಅಂದರು, "ಮಗಳನ್ನ ನಾ ನನ್ನ ಕಾರಿನ್ಯಾಗ ಕರಕೊಂಡು ಬರ್ತೀನ್ರಿ."

ನಿಮ್ಮಪ್ಪನ ಕಡೆಯ ಹಿರಿಯರೊಬ್ಬರು ಮೀಸೆ ತಿರುವುತ್ತ ಕೇಳಿದರು, "ಛಲೋ ಆತು. ಮದಮಗ ಎಲ್ಲಿ ಕೂಡ್ತಾನ?"

"ಅವರು ಹಿಂದ ಟ್ರ್ಯಾಕ್ಸ್ ಜೀಪಿನ್ಯಾಗ ಬರ್ತಾರ್ರಿ."

"ಮದಮಗಳು ಅಪ್ಪನ ಗಾಡ್ಯಾಗ ಮುಂದ, ಮದಮಗ ಮಂದಿ ಕೂಡ ಟ್ರ್ಯಾಕ್ಸಿನ್ಯಾಗ ಹಿಂದ! ಇದು ಯಾವ ಊರಿನ ಪದ್ಧತಿರೀ ಬೀಗರ?"

ನಾನು ಬಾಗಿಲ ಸಂದಿಯಲ್ಲಿ ನಿಂತಿದ್ದೆ. ಆಗ ನಿಮ್ಮಪ್ಪ, ಅದುವರೆಗೆ ನೆಲ ನೋಡುತ್ತ ಕೂತವರು, "ಹೋಗ್ಲಿ ಬಿಡ್ರಿ ಕಾಕಾ. ನಾ ಇನ್ನ ಜಲ್ಮಪೂರ್ತಿ ಬಾಜೂಕ ಕೂಡೂದೈತಿ, ಅವರಿಗೆ ಅರ್ಧ ತಾಸು" ಎಂದರು. ಮಕ್ಕಳಾ, ನಿಮ್ಮಪ್ಪನನ್ನು ನಾನು ಅಳಿಯ ಎಂದು ಒಪ್ಪಿದ್ದು ಆ ಕ್ಷಣ. ಅದಕ್ಕೂ ಮೊದಲು ಬರೀ ಜಾತಕ ಒಪ್ಪಿತ್ತು.

ಹೀಗೆ ಅರ್ಧ ತಾಸು ಸಿಕ್ಕಿತು. ಇಪ್ಪತ್ತೆರಡು ವರ್ಷದಲ್ಲಿ ಮಗಳ ಹತ್ತಿರ ಕೂಡಲು ಸಿಗದ ಅರ್ಧ ತಾಸು. ಅದಕ್ಕೆ ಅಡ್ಡ ಬಂದದ್ದು ಟೈರು.

ಶೆಡ್ಡಿನಲ್ಲಿ ನಿಂತು ನಿಂತು ಹಳೆಯ ಟೈರುಗಳು ಬೇಸಗೆಯ ಎರೆ ಹೊಲದ ಹಾಗೆ ಬಿರುಕು ಬಿಟ್ಟಿದ್ದವು. ಹೊಸವು ಬೇಕೇ ಬೇಕು. ರಿಮ್ಮು ಬದಲಿಸುವ ಮಾತೇ ಇಲ್ಲ, ಕಂಪನಿಯವೇ ಇರಬೇಕು, ನನ್ನ ಸಹಿ ಮಾಡಿದ್ದೂ ಸೇರಿ. ಆದರೆ ಟೈರು? ಮುತ್ಯಾ ಮತ್ತು ರಾಜೇಸಾಬ ಒಂದು ಮಧ್ಯಾಹ್ನ ಅಂಗಡಿಯ ಮುಂದೆ ಕೂತು ಅದನ್ನೇ ಚರ್ಚೆ ಮಾಡುತ್ತಿದ್ದರು. ನಾನು ಬುತ್ತಿ ಒಯ್ದಿದ್ದೆ. ಬುತ್ತಿ ಒಯ್ದಾಗ ನನ್ನ ಜಾಗ ಟೈರುಗಳ ಒಟ್ಟಿಲಿನ ಹಿಂದೆ. ಅಲ್ಲಿ ಕೂತರೆ ಹೋಗಿ ಬರುವ ಗಂಡಸರ ಕಣ್ಣಿಗೆ ಬೀಳುವುದಿಲ್ಲ. ಕೈಗೆ ಕೆಲಸವಿಲ್ಲದ್ದಕ್ಕೆ ಟೈರಿನ ಮೈಮೇಲಿನ ಬರಹ ಓದುತ್ತ ಕೂಡುತ್ತಿದ್ದೆ. ಏಳನೇ ಇಯತ್ತೆ ಓದಿದವಳಿಗೆ ಇಂಗ್ಲಿಷ್ ಅಕ್ಷರ ಕಷ್ಟ, ಅಂಕಿ ಸುಲಭ. ಬೇರೆಯವರು ಪುರಾಣ ಓದಿದಷ್ಟು ನಾನು ಟೈರು ಓದಿದ್ದೇನೆ.

"ಅಗಲಂದು ಹಾಕೂಣು" ಎಂದರು ಮುತ್ಯಾ. "ಸಣ್ಣ ಟೈರು ಎರಿ ಮಣ್ಣಾಗ ಹುಗೀತಾವ. ಅಗಲಿದ್ರ ತೇಲತಾವ."

"ಅಣ್ಣಾ, ನೀ ಮುಧೋಳಕ್ಕ ಡಾಂಬರ್ ರೋಡಿನ ಮ್ಯಾಲ ಹೊಂಟೀದಿ, ಕಬ್ಬಿನ ಗದ್ದಿಯೊಳಗಲ್ಲ" ಎಂದ ರಾಜೇಸಾಬ.

"ಎದುರಿಗೆ ಡಬಲ್ ಟ್ರೇಲರ್ ಬಂತಂದ್ರ ಬಾಜೂಕ ಇಳಿಸ್ಬೇಕಲ್ಲ? ಮಗಳು ಕೂತಿರ್ತಾಳ. ಗಟ್ಟಿ ಇರಬೇಕು."

ನಮ್ಮ ಕಡೆ ಅಗಲವೆಂದರೆ ಗಟ್ಟಿ. ಅಗಲ ರೊಟ್ಟಿ, ಅಗಲ ಎದೆ, ಅಗಲ ದಡಿಯ ಸೀರೆ, ಎಲ್ಲವೂ ಅದೇ ಲೆಕ್ಕ. ಹಳೆಯ ಟೈರಿನ ಮೇಲೆ ೧೮೫, ಆಮೇಲೆ ಒಂದು ಗೀಟು, ಆಮೇಲೆ ೬೦ ಎಂದಿತ್ತು. ರಾಜೇಸಾಬ ಕಂಪನಿಯವರು ಕೊಟ್ಟ ಪುಸ್ತಕ ತೆರೆದ. ಕಾರಿನ ಟೈರು ಅವನ ಅಂಗಡಿಗೆ ಬರುವುದೇ ಅಪರೂಪ, ಪುಸ್ತಕದ ಹಾಳೆಗಳು ಇನ್ನೂ ಒಂದಕ್ಕೊಂದು ಅಂಟಿಕೊಂಡಿದ್ದವು. ಹುಡುಕಿ ಹುಡುಕಿ ಅದೇ ರಿಮ್ಮಿನ ಅಳತೆಗೆ ೨೨೫, ಗೀಟು, ೬೦ ಎನ್ನುವುದನ್ನು ಹಿಡಿದರು.

"ಅಗಲ ನಾಕು ಸೆಂಟಿಮೀಟರ್ ಜಾಸ್ತಿ. ಅರವತ್ತು ಇದ್ದದ್ದು ಅರವತ್ತ ಐತಿ. ಎತ್ತರ ಮೊದಲಿದ್ದಷ್ಟ, ಅಗಲ ಒಂದ ಜಾಸ್ತಿ. ಮುಗೀತು!" ಎಂದರು ಮುತ್ಯಾ.

ಅವರ ತಪ್ಪಲ್ಲ. ಟ್ರೇಲರಿನ ಟೈರಿನ ಮೇಲೆ ಎರಡೇ ಲೆಕ್ಕ, ಟೈರು ಎಷ್ಟು ದಪ್ಪ, ರಿಮ್ಮು ಎಷ್ಟು ದೊಡ್ಡದು. ನಡುವೆ ಇನ್ನೊಂದು ಅಂಕಿ ಇರುವುದನ್ನು ಅವರ ಕೈ ಮೂವತ್ತು ವರ್ಷದಲ್ಲಿ ಮುಟ್ಟಿಯೇ ಇರಲಿಲ್ಲ. ಚಹಾ ಕುಡಿಯಲು ಇಬ್ಬರೂ ಎದ್ದರು. ಪುಸ್ತಕ ಸ್ಟೂಲಿನ ಮೇಲೆ ಉಳಿಯಿತು. ನಾನು ಕೈ ಚಾಚಿ ಮೊದಲ ಹಾಳೆ ತೆರೆದೆ. ಟೈರಿನದೊಂದು ಚಿತ್ರ, ಬಾಣದ ಗುರುತು. ಅರವತ್ತರ ಮುಂದೆ ಎರಡು ಸೊನ್ನೆ, ನಡುವೆ ಓರೆ ಗೀಟು.

ಆ ಗುರುತು ನನಗೆ ಗೊತ್ತಿತ್ತು. ಕೃಷ್ಣಾ ದಂಡೆಯ ನನ್ನ ತವರೂರಿನ ಸಾಲಿ ಈಗ ಹಿನ್ನೀರಿನ ಅಡಿಗಿದೆ. ಆದರೆ ಅಲ್ಲಿ ಕಲಿತದ್ದು ತೊಯ್ದಿಲ್ಲ. ನಮ್ಮ ಮಾಸ್ತರರು ಶೇಕಡಾ ಲೆಕ್ಕವನ್ನು ಪಾಲಿಗೆ ಹಚ್ಚಿದ ಹೊಲದ ಮೇಲೆ ಕಲಿಸುತ್ತಿದ್ದರು. "ನೂರಕ್ಕ ಅರವತ್ತು ಪಾಲು ಅಂದ್ರ ಅರವತ್ತು ಚೀಲ ಅಲ್ಲ ಲೇ, ಕತ್ತೆಗೋಳ. ರಾಶಿ ದೊಡ್ಡದಾದ್ರ ಪಾಲೂ ದೊಡ್ಡದಾಗತೈತಿ." ಕತ್ತೆಗಳಲ್ಲಿ ನಾನೂ ಒಬ್ಬಳು, ಆದರೆ ಪಾಠ ತಲೆಗೆ ಹತ್ತಿದ ಕತ್ತೆ. ಅರವತ್ತು ಅಂದರೆ ಟೈರಿನ ಎತ್ತರವಲ್ಲ, ಅಗಲದಲ್ಲಿ ಎತ್ತರದ ಪಾಲು. ಬೆರಳ ಗೆಣ್ಣಿನ ಮೇಲೆ ಎಣಿಸಿದೆ. ಹಳೆಯದರ ಪಾಲು ನೂರಾ ಹನ್ನೊಂದು ಮಿಲಿಮೀಟರ್, ಹೊಸದರದು ನೂರಾ ಮೂವತ್ತೈದು. ಚಕ್ರದ ಮೇಲೊಂದು ಪಾಲು, ಕೆಳಗೊಂದು ಪಾಲು. ಟೈರು ಹೆಚ್ಚು ಕಮ್ಮಿ ಎರಡು ಇಂಚು ಎತ್ತರವಾಗುತ್ತದೆ. ಮೇಲೆ ಕಾರಿನ ತಗಡಿದೆ. ಎಲ್ಲಿಗೆ ಹೋಗಬೇಕು ಆ ಟೈರು?

ಪುಸ್ತಕವನ್ನು ಇದ್ದಲ್ಲೇ ಇಟ್ಟೆ. ಇಬ್ಬರೂ ಚಹಾ ಕುಡಿದು ಬಂದರು. ಜೊತೆಗೆ ಕಬ್ಬಿನ ಗಾಡಿಯ ನಾಲ್ವರು ಡ್ರೈವರುಗಳು ಬಂದರು. ನಾನು ಬುತ್ತಿಯ ಡಬ್ಬಿ ತೆಗೆದುಕೊಂಡು ಮನೆಗೆ ಬಂದೆ.

ಊಟಕ್ಕೆ ಕೂತಾಗ ಒಂದು ಸಲ ಹೇಳಿದೆ. "ಅಗಲ ಆದ್ರ ಎತ್ತರನೂ ಆಗತೈತಿ ಅನಸ್ತದ್ರಿ."

"ಅರವತ್ತು ಇದ್ದದ್ದು ಅರವತ್ತ ಐತಲ್ಲಬೇ. ಹೆಂಗ ಎತ್ತರ ಆಗತೈತಿ?" ಎಂದು ಅವರು ಪಲ್ಲೆ ಕೇಳಿದರು. ನಾನು ಪಲ್ಲೆ ಬಡಿಸಿದೆ. ಹೇಳಬೇಕಾದದ್ದನ್ನು ಬಿಟ್ಟು ಕೇಳಿದ್ದನ್ನು ಬಡಿಸುವುದು ನನ್ನ ಹಳೆಯ ಚಟ.

ಟೈರು ಕೊಲ್ಹಾಪುರದಿಂದ ಬಂದವು. ಆ ಕಿರಿದಾದ ರಿಮ್ಮಿನ ಮೇಲೆ ಅವುಗಳನ್ನು ಕೂಡಿಸಲು ರಾಜೇಸಾಬ ಬೆವತುಹೋದ. ಕೂತ ಮೇಲೆ ಎರಡೂ ಬದಿಗೆ ಹೊಟ್ಟೆ ಬಿಟ್ಟುಕೊಂಡು ಕಂಡವು. ಹೊಳೆಯಿಂದ ನೀರು ಹೊತ್ತವರಿಗೆ ಗೊತ್ತು, ಸಣ್ಣ ಸಿಂಬಿಯ ಮೇಲೆ ದೊಡ್ಡ ಕೊಡ ಇಟ್ಟರೆ ಕತ್ತು ಹೇಗೆ ಓಲಾಡುತ್ತದೆ ಎಂದು. ಹಾಗಿತ್ತು. ರಾಜೇಸಾಬ ದೂರ ಸರಿದು ನೋಡಿ ಅಂದ, "ಅಣ್ಣಾ, ಮುಧೋಳ ನಾಯಿಗೆ ಎಮ್ಮಿ ಕಾಲು ಹಚ್ಚಿದಂಗ ಆತಲ್ಲೋ!" ಖರೆ. ಆ ಕಾರಿಗೆ ಅದೇ ನಾಯಿಯ ಉದ್ದ ಮೂತಿ, ಸಣ್ಣ ನಡ, ತೆಳ್ಳನೆಯ ಕಾಲು. ಓಡುವ ಪ್ರಾಣಿ ಅದು.

ಮುತ್ಯಾನಿಗೆ ಮಾತ್ರ ಖುಷಿ. ಒಬ್ಬರೇ ಕೂತು ರಬಕವಿ-ಬನಹಟ್ಟಿಯ ತನಕ ಹೋಗಿ ಬಂದರು. ನೆಟ್ಟನೆ ದಾರಿಯಲ್ಲಿ ಸಪ್ಪಳವಿಲ್ಲ. ಅಂಗಡಿಯ ಮುಂದೆ ಗಕ್ಕನೆ ತಿರುಗಿಸಿದಾಗ ಮಾತ್ರ ಹಿಂದಿನ ಎಡಗಾಲಿ ಗರ್ ಎಂದಿತು. "ತಗಡಿನ ಅಂಚು ಹತ್ತಾಕತ್ತೈತಿ. ನಾಳೆ ನಾಕು ಏಟು ಹಾಕಿ ಹೊರಗ ಬಗ್ಗಿಸಿದ್ರ ಆತು" ಎಂದರು.

ಒಂದೂವರೆ ವರ್ಷ ಒರೆಸಿ ಒರೆಸಿ ಇಟ್ಟ ಕಾರು. ಅದಕ್ಕೆ ಸುತ್ತಿಗೆ! ಲಗ್ನಕ್ಕೆ ಇನ್ನು ಎಂಟೇ ದಿನ. ಏಟು ಹಾಕಿದ ಮೇಲೂ ಹತ್ತಿದರೆ? ದಾರಿಯಲ್ಲಿ ಟೈರು ಕೊಯ್ದುಕೊಂಡರೆ? ಒಳಗೆ ಅವರಿಬ್ಬರು. ಇಬ್ಬರು ಎಂದು ಅಂದುಕೊಂಡಾಗಲೇ ನನಗೆ ಹೊಳೆದದ್ದು. ಅವರು ರಬಕವಿಗೆ ಹೋಗಿ ಬಂದದ್ದು ಒಬ್ಬರೇ. ಎಡಗಡೆಯ ಸೀಟು ಖಾಲಿ ಇತ್ತು.

ಮರುದಿನ ಮುಂಜಾನೆ ರೊಟ್ಟಿಗೆ ಹಿಟ್ಟು ನಾದುವಾಗ ಕೈ ತಾನೇ ನಿಂತಿತು. ಒಂದು ದೊಡ್ಡ ಮುದ್ದೆಯನ್ನು ಪರಾತದಲ್ಲಿಟ್ಟು, ಹಸಿ ಅರಿವೆ ಮುಚ್ಚಿ, ಅಂಗಡಿಯ ದಾರಿ ಹಿಡಿದೆ. ನನ್ನ ಕಾಲಿಗೆ ಆ ದಾರಿ ಅಷ್ಟು ಉದ್ದ ಎಂದೂ ಆಗಿರಲಿಲ್ಲ. ಮುತ್ಯಾ ಸುತ್ತಿಗೆ ಕೈಗೆ ತೆಗೆದುಕೊಂಡು ಕುಕ್ಕರಗಾಲಲ್ಲಿ ಕೂತಿದ್ದರು. ನಾಲ್ವರು ಡ್ರೈವರುಗಳು ತಮಾಷೆ ನೋಡುತ್ತ ನಿಂತಿದ್ದರು. ನಾನು ಟೈರಿನ ಒಟ್ಟಿಲನ್ನು ದಾಟಿ ಈಚೆ ಬಂದೆ.

"ಏನ್ರೀ ವೈನಿ, ಇಲ್ಲೇ ರೊಟ್ಟಿ ಬಡಿಯವ್ರೇನ್ರೀ?" ಎಂದ ರಾಜೇಸಾಬ. ಎಲ್ಲರೂ ನಕ್ಕರು.

ಉತ್ತರ ಕೊಡಲು ಬಂದಿದ್ದರೆ ನಾನು ಹಿಟ್ಟು ಯಾಕೆ ತರುತ್ತಿದ್ದೆ? ಹಿಂದಿನ ಎಡಗಾಲಿಯ ಹತ್ತಿರ ಕೂತು, ಮೂರು ಉಂಡಿ ಮಾಡಿ, ಟೈರಿನ ಮೇಲಿನ ತಗಡಿನ ಒಳ ಅಂಚಿಗೆ ಮೆತ್ತಿದೆ. ಮೆತ್ತಿ, ನೆಲ ನೋಡುತ್ತ ಹೇಳಿದೆ. "ಒಬ್ಬರ ಕೂತು ಓಡಿಸಿ ಬರ್ರಿ. ಆಮ್ಯಾಲ ಇಬ್ಬರು ಕೂತು ಓಡಿಸಿ ಬರ್ರಿ. ಆಮ್ಯಾಲ ಸುತ್ತಿಗಿ ಹಿಡೀರಿ."

 ಮುತ್ಯಾ ನನ್ನ ಮುಖ ನೋಡಿದರು, ಹಿಟ್ಟು ನೋಡಿದರು. ಸುತ್ತಿಗೆ ಕೆಳಗಿಟ್ಟು ಒಬ್ಬರೇ ಒಂದು ಸುತ್ತು ಹೋಗಿ ಬಂದರು. ಉಂಡಿಗಳು ತುಸು ಚಪ್ಪಟೆಯಾಗಿದ್ದವು, ಎರಡು ರೊಟ್ಟಿ ಒಂದರ ಮೇಲೊಂದು ಇಟ್ಟಷ್ಟು ದಪ್ಪ ಉಳಿದಿತ್ತು. ರಾಜೇಸಾಬ ಎಡಗಡೆ ಕೂಡಲು ಬಾಗಿಲು ತೆಗೆದ.

"ನೀ ಬ್ಯಾಡೋ" ಎಂದರು ಮುತ್ಯಾ. "ನಿನ್ನ ಹೊಟ್ಟಿ ಒಂದಕ್ಕ ಎರಡು ಸೀಟು ಬೇಕು. ಏ, ನೀ ಕೂಡು. ಮಾಯವ್ವನ ತೂಕ ನಿಂದ ಐತಿ."

"ನಾನಾ?"

"ಮತ್ಯಾರು? ಹಿಟ್ಟು ಕೂಡತೈತೇನು?"

ಮಕ್ಕಳಾ, ಆ ಕಾರು ನಮ್ಮ ಮನೆಯಲ್ಲಿ ಅಷ್ಟು ದಿನವಿದ್ದರೂ ನಾನು ಅದರಲ್ಲಿ ಒಮ್ಮೆಯೂ ಕೂತಿರಲಿಲ್ಲ. ಟಗರು ಕೂತಿದ್ದವು. ಹೇಗೆ ಒಳಗೆ ಹೋಗಬೇಕೆಂದೇ ತಿಳಿಯಲಿಲ್ಲ, ತಲೆ ಮೊದಲೋ ಕಾಲು ಮೊದಲೋ. ಒಳಗೆ ಕೂತರೆ ನೆಲದ ಮೇಲೆ ಚಾಪೆ ಹಾಸಿ ಕೂತ ಹಾಗೆ. ನನ್ನ ಮೊಣಕಾಲು ನನ್ನ ಗದ್ದಕ್ಕೆ ಹತ್ತಿತು. ಬಜಾರದೊಳಗೆ ಹಾಯ್ದು ಹೋಗುವಾಗ ಸೆರಗು ಹಣೆಯ ತನಕ ಎಳೆದುಕೊಂಡು ಕಣ್ಣು ಮುಚ್ಚಿದೆ, ನಾನು ನೋಡದಿದ್ದರೆ ಅವರೂ ನನ್ನನ್ನು ನೋಡುವುದಿಲ್ಲ ಎನ್ನುವ ಹಾಗೆ. ಮುತ್ಯಾ ಅಂದರು, "ಕಣ್ಣು ತಗಿಬೇ, ನಾ ಛಲೋ ಹೊಡೀತೀನಿ." ಕಣ್ಣು ತೆರೆದೆ. ಗಾಳಿ ಮುಖಕ್ಕೆ ಬಡಿಯಿತು. ಛಲೋನೇ ಹೊಡೆಯುತ್ತಿದ್ದರು. ಅಷ್ಟರಲ್ಲಿ ಒಂದು ಉಬ್ಬು ಬಂತು, ನನ್ನ ಬೆನ್ನ ಹಿಂದೆ ಎಡಕ್ಕೆ ಗರ್ರ್ ಎಂದಿತು. ಇನ್ನೊಂದು ಉಬ್ಬು, ಇನ್ನೊಮ್ಮೆ ಗರ್ರ್. ತಿರುವೂ ಇರಲಿಲ್ಲ, ನೆಟ್ಟನೆ ದಾರಿ. ಅವರ ಮುಖ ಸಣ್ಣದಾಗುತ್ತ ಹೋಯಿತು. ನನಗೆ ನಾನು ಗೆದ್ದೆ ಎನ್ನುವ ಸಂತೋಷ ಒಂದಿಷ್ಟೂ ಆಗಲಿಲ್ಲ. ಯಾಕಾದರೂ ಹಿಟ್ಟು ತಂದೆನೋ ಅನ್ನಿಸಿತು.

ಬಂದು ಬಗ್ಗಿ ನೋಡಿದೆವು. ಉಂಡಿ ಇರಲೇ ಇಲ್ಲ. ಟೈರಿನ ಹಲ್ಲಿನ ಗುರುತು ಬಿದ್ದು, ಶಾವಿಗೆಯ ಹಾಗೆ ಎಳೆ ಎಳೆಯಾಗಿ ತಗಡಿಗೆ ಅಂಟಿತ್ತು. ಟೈರಿನ ಭುಜಕ್ಕೆ ತಗಡಿನ ಅಂಚು ಕೊಯ್ದ ಗೆರೆ ಬಿದ್ದಿತ್ತು.

"ನೀವೊಬ್ಬರ ಹೋಗೂದಿದ್ರ ಈ ಟೈರು ನಡೀತಾವ್ರಿ" ಎಂದೆ. "ಮಗಳನ್ನ ಕರಕೊಂಡು ಹೋಗಾಕ ಬರೂದಿಲ್ಲ."

 ಆಮೇಲೆ ಪುಸ್ತಕ ತರಿಸಿ, ಮೊದಲ ಹಾಳೆಯ ಗುರುತು ತೋರಿಸಿ, ಪಾಲಿನ ಲೆಕ್ಕ ಹೇಳಿದೆ. ರಾಜೇಸಾಬ ತಲೆಯ ಟೊಪ್ಪಿಗೆ ತೆಗೆದು ಮತ್ತೆ ಹಾಕಿಕೊಂಡ. ಮುತ್ಯಾ ಕೇಳಿದರು:

"ಇದು ನಿನಗ ಎಂದು ಗೊತ್ತಾತು?"

"ನೀವು ಚಹಾಕ್ಕ ಹೋದ ದಿನ."

"ಮತ್ತ ಯಾಕ ಹೇಳಲಿಲ್ಲ?"

"ಊಟದಾಗ ಹೇಳಿದ್ನಲ್ರಿ."

"ಅದು ಹೇಳೂದೇನಬೇ! ಎಮ್ಮಿ ಮೇವಿಗೆ ಸೈತ ನಾಕು ಸಲ ಒದರತೈತಿ. ಇಲ್ಲೇ ಹೇಳಬೇಕಿಲ್ಲ?"

"ಇಲ್ಲಿ ಮಂದಿ ಇದ್ರು."

"ನಾನೂ ಮಂದಿ ಏನ್ರೀ ವೈನಿ?" ಎಂದು ರಾಜೇಸಾಬ ಹೊಟ್ಟೆ ಕುಣಿಸುತ್ತ ನಕ್ಕ. ಮುತ್ಯಾ ನಗಲಿಲ್ಲ. ಸುತ್ತಿಗೆಯನ್ನು ಎತ್ತಿ ಪೆಟ್ಟಿಗೆಯೊಳಗಿಟ್ಟು ಮುಚ್ಚಿದರು.

ಈಗ ಯಾವ ಟೈರು? ಕಂಪನಿಯ ಅಳತೆಯದೇ ತರಿಸಲು ತಿಂಗಳಾಗುತ್ತದೆ ಎಂದು ಬೆಳಗಾವಿಯಿಂದ ಫೋನಿನಲ್ಲಿ ಹೇಳಿದರು. ರಾಜೇಸಾಬ ಪುಸ್ತಕ ನನ್ನ ಕೈಗೇ ಕೊಟ್ಟ. "ನೀವ ಹೇಳ್ರಿ." ಮತ್ತೆ ಬೆರಳ ಗೆಣ್ಣಿನ ಮೇಲೆ ಎಣಿಸಿದೆ. ೧೮೫ರ ಮೇಲಿನ ಒಂದೇ ಮೆಟ್ಟಿಲು ೧೯೫. ಅದರ ಪಾಲು ನೂರಾ ಹದಿನೇಳು, ಮೇಲಕ್ಕೆ ಒಂದು ಕಡ್ಡಿಪೆಟ್ಟಿಗೆಯ ಅರ್ಧ ದಪ್ಪದಷ್ಟೇ ಹೆಚ್ಚು. ಇಂಥ ರಿಮ್ಮಿಗೆ ಇಂಥ ಟೈರು ಎನ್ನುವ ಪಟ್ಟಿಯಲ್ಲಿ ನಮ್ಮ ರಿಮ್ಮಿನ ಮುಂದೆ ಅದರ ಹೆಸರಿತ್ತು, ೨೨೫ರದು ಇರಲಿಲ್ಲ. ಮೊದಲೇ ನೋಡಿದ್ದರೆ ಇಷ್ಟು ರಾಮಾಯಣವೇ ಇರುತ್ತಿರಲಿಲ್ಲ. ಬೆಳಗಾವಿಯಲ್ಲಿ ಆ ಟೈರು ಇತ್ತು.

"ಹಂಗಾರ ಅಗಲ ಆತಲ್ಲ?" ಎಂದರು ಮುತ್ಯಾ, ಸಣ್ಣ ಹುಡುಗರ ಹಾಗೆ.

"ಒಂದು ಮೆಟ್ಟಿಲು ಆತ್ರಿ."

"ಸಾಕು, ಒಂದು ಮೆಟ್ಟಿಲು ಸಾಕು" ಎಂದು ಎದೆ ಅಗಲ ಮಾಡಿಕೊಂಡು ಚಹಾ ಹೇಳಿದರು. ಅಂದು ಮೊದಲ ಸಲ ನನಗೂ ಒಂದು ಕಪ್ಪು ಬಂತು. ಒಟ್ಟಿಲಿನ ಈಚೆಯೇ ಕೂತು ಕುಡಿದೆ. ಬಾಯಿ ಸುಟ್ಟುಕೊಂಡೆ, ಅದು ಬೇರೆ ಮಾತು.

ಬಿಚ್ಚಿದ ಅಗಲ ಟೈರು ನಮ್ಮ ಹಿತ್ತಲಿಗೆ ಬಂದವು, ಈಗ ಕೋಳಿ ಕಾವಿಗೆ ಕೂತದ್ದು ಅವುಗಳಲ್ಲೊಂದರಲ್ಲಿ. ಬೆಳಗಾವಿಯ ಟೈರು ಬಂದಾಗ ಮತ್ತೆ ಹಿಟ್ಟು, ಮತ್ತೆ ನಾನು. ಉಬ್ಬುಗಳನ್ನು ಹುಡುಕಿ ಹುಡುಕಿ ಹಾಯಿಸಿದರು. ಉಂಡಿ ಹೆಬ್ಬೆರಳು ದಪ್ಪ ಉಳಿಯಿತು. ಒಂದೇ ಸುತ್ತು ಸಾಕಿತ್ತು. ಮೂರು ಸುತ್ತು ಹೊಡೆದರು. "ಖಾತ್ರಿ ಮಾಡಕೋಬೇಕು" ಎಂದರು. ನಾನೂ "ಹೂಂ ಮತ್ತ" ಎಂದೆ.

ಲಗ್ನದ ದಿನ ಅಕ್ಕಿಕಾಳು ಬಿದ್ದು, ಊಟ ಮುಗಿದು, ಹೆಣ್ಣು ಒಪ್ಪಿಸುವ ಹೊತ್ತಾಯಿತು. ಮಾಯವ್ವ ಹಸಿರು ಸೀರೆಯಲ್ಲಿ ಆ ಗಿಡ್ಡ ಬಾಗಿಲಿನೊಳಗೆ ಹೊಗಲು ನನಗಿಂತ ಹೆಚ್ಚು ಒದ್ದಾಡಿದಳು. ದಂಡೆ ತಗಡಿಗೆ ತಾಗಿ ಅರ್ಧ ಹೂವು ಅಲ್ಲೇ ಉದುರಿತು. ನಿಮ್ಮಪ್ಪ ತಾವೇ ಬಂದು ಅವಳ ಸೆರಗನ್ನು ಒಳಗೆ ಸರಿಸಿ ಬಾಗಿಲು ಹಾಕಿ, ಬಾಸಿಂಗ ಸರಿಮಾಡಿಕೊಳ್ಳುತ್ತ ಟ್ರ್ಯಾಕ್ಸಿನ ಕಡೆ ನಡೆದರು. ಒಳಗೆ ಹದಿನೆಂಟು ಮಂದಿ ಇದ್ದರು, ಮದುಮಗನಿಗೆ ಡ್ರೈವರನ ಗೇರಿನ ಹತ್ತಿರ ಜಾಗ ಸಿಕ್ಕಿತು. ನಾನು ಅಳುತ್ತಿದ್ದೆ, ಎಲ್ಲರೂ ಅಳುತ್ತಿದ್ದರು. ಆದರೆ ನಿಜ ಹೇಳುತ್ತೇನೆ, ಕಾರು ಓಣಿಯ ಉಬ್ಬು ದಾಟುವಾಗ ನಾನು ಅಳು ನಿಲ್ಲಿಸಿ ಕಿವಿಗೊಟ್ಟು ಕೇಳಿದೆ. ಒಂದು ಸಪ್ಪಳವಿಲ್ಲ. ಆಮೇಲೆ ನಿಶ್ಚಿಂತೆಯಿಂದ ಅತ್ತೆ.

ಆ ಅರ್ಧ ತಾಸಿನಲ್ಲಿ ಅಪ್ಪ ಮಗಳು ಏನು ಮಾತಾಡಿದರೆಂದು ನನಗೆ ಬಹಳ ವರ್ಷ ಗೊತ್ತಾಗಲಿಲ್ಲ. ಅವರನ್ನು ಕೇಳಿದರೆ "ಏನಿಲ್ಲ" ಎನ್ನುತ್ತಿದ್ದರು. ಅವರು ಹೋದ ಮೇಲೆ, ಒಂದು ದಿನ ಅಡುಗೆಮನೆಯಲ್ಲಿ ಕೂತು ಮಾಯವ್ವ ತಾನಾಗಿಯೇ ಹೇಳಿದಳು.

"ಖರೇನ ಏನೂ ಮಾತಾಡ್ಲಿಲ್ಲವ್ವಾ. ಅಪ್ಪ ಒಂದ ಮಾತು ಹೇಳಿದ. ಅಲ್ಲಿ ನಿನಗ ಏನರೆ ಗೊತ್ತಿದ್ರ ನಾಕು ಮಂದ್ಯಾಗ ಹೇಳು, ನಿಮ್ಮವ್ವನಂಗ ನಾಕು ದಿನ ಒಳಗಿಟಗೊಂಡು ಕೂಡಬ್ಯಾಡ ಅಂದ. ಆಮ್ಯಾಲ ಸುಮ್ನ ಹೊಡದ. ನಾನೂ ಸುಮ್ನ ಕೂತೆ. ಭಾಳ ಸಾವಕಾಶ ಹೊಂಟಿದ್ದ, ಟ್ರ್ಯಾಕ್ಸಿನವರು ಹಾರ್ನ್ ಹೊಡೆದು ನಮ್ಮನ್ನ ದಾಟಿ ಹ್ವಾದ್ರು. ಮುಧೋಳ ಬಂತು. ಬೀಗರ ಓಣಿ ಬಂತು. ಬಾಗಿಲಾಗ ಎಲ್ಲಾರೂ ಆರತಿ ತಟ್ಟಿ ಹಿಡಕೊಂಡು ನಿಂತಿದ್ರು. ಇವರೂ ಬಾಸಿಂಗ ಕಟಗೊಂಡು ನಿಂತಿದ್ರು. ಅಪ್ಪ ಗಾಡಿ ನಿಲ್ಲಿಸಲಿಲ್ಲ. ಅವರ ಮುಂದಿಂದ ಹಾಯಿಸಿಕೊಂಡು ಊರು ದಾಟಿ, ತಿಮ್ಮಾಪುರದ ದಾರಿ ಹಿಡದುಬಿಟ್ಟ."

"ನೀ ಏನಂದಿ?"

"ಅಪ್ಪಾ, ಮನಿ ಹಿಂದ ಉಳೀತಲ್ಲೋ ಅಂದೆ."

"ಅವರೇನಂದ್ರು?"

ಮಾಯವ್ವ ಒಲೆಯ ಕಟ್ಟಿಗೆಯನ್ನು ಒಳಗೆ ಸರಿಸಿದಳು.

"ಗೊತ್ತೈತವ್ವಾ, ಸುಮ್ನ ಕೂಡು ಅಂದ."